ಕುಟುಂಬದ ಬದುಕು, ಅಪರಾಧದ ದಾಖಲೆ: ಬ್ರಿಟನ್ನಿನ ಗಡೀಪಾರು ತೀರ್ಮಾನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಮಾತಿನಲ್ಲಿ, ಪತ್ರದಲ್ಲಿ, ರಾತ್ರಿ ಹೊತ್ತಿನ ಫೋನ್ ಕರೆಗಳಲ್ಲಿ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಊರಿನಲ್ಲಿ ಕೂತು ಮಗನಿಗೋ ಅಳಿಯನಿಗೋ ಏನಾಗುತ್ತದೆಯೋ ಎಂದು ಚಿಂತಿಸುವ ಹಿರಿಯರ ಪ್ರಶ್ನೆಗಳೂ ಇದರಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಲಾಗಿದೆ. ಕರ್ನಾಟಕದಲ್ಲಿ ಗಡೀಪಾರು ಎಂದರೆ ಒಂದು ಜಿಲ್ಲೆಯಿಂದ ಹೊರಗೆ ಕಳಿಸುವುದು ಎಂಬ ಅರ್ಥವೂ ಇದೆ. ಇಲ್ಲಿ ಆ ಮಾತನ್ನು ದೇಶದಿಂದಲೇ ಹೊರಗೆ ಕಳಿಸಿ, ಮರಳಿ ಬರದಂತೆ ತಡೆಯುವ ಆದೇಶ ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಈ ಬರಹ ಕಾನೂನಿನ ಸ್ವರೂಪವನ್ನು ತಿಳಿಸುತ್ತದೆ. ನಿಮ್ಮ ಪ್ರಕರಣಕ್ಕೆ ಬೇಕಾದ ಸಲಹೆಯನ್ನು ಕಾಗದಪತ್ರ ಓದಿದ ಸಾಲಿಸಿಟರ್ ಮಾತ್ರ ಕೊಡಬಲ್ಲರು.

## ಮೊದಲು ತಿಳಿಯಬೇಕಾದದ್ದು

ನಮ್ಮ ಯಜಮಾನರಿಗೆ ಹದಿನೆಂಟು ತಿಂಗಳ ಶಿಕ್ಷೆ ಆಗಿದೆ. ಶಿಕ್ಷೆ ಮುಗಿದ ಮೇಲೆ ಮನೆಗೆ ಬರುತ್ತಾರಲ್ಲವೇ?

ಅವರು ಬ್ರಿಟಿಷ್ ಪೌರರಲ್ಲದಿದ್ದರೆ, ತಾನಾಗಿಯೇ ಮನೆಗೆ ಬರುತ್ತಾರೆ ಎಂದು ಕಾಯಬೇಡಿ. 2007ರ ಯುಕೆ ಬಾರ್ಡರ್ಸ್ ಆ್ಯಕ್ಟ್‌ನ 32ನೇ ಸೆಕ್ಷನ್ ಪ್ರಕಾರ, ಬ್ರಿಟನ್ನಿನ ನ್ಯಾಯಾಲಯ ಒಬ್ಬ ವಿದೇಶೀಯನಿಗೆ ಕನಿಷ್ಠ 12 ತಿಂಗಳ ಸೆರೆವಾಸ ವಿಧಿಸಿದರೆ ಗೃಹ ಸಚಿವರು ಅವನ ವಿರುದ್ಧ ಗಡೀಪಾರು ಆದೇಶ ಹೊರಡಿಸಲೇಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ನ್ಯಾಯಾಧೀಶರು ವಿಧಿಸಿದ ಅವಧಿಯೇ ಹೊರತು ಜೈಲಿನೊಳಗೆ ಕಳೆದ ದಿನಗಳಲ್ಲ. 33ನೇ ಸೆಕ್ಷನ್‌ನಲ್ಲಿ ಕೆಲವು ವಿನಾಯಿತಿಗಳಿವೆ. ಗಡೀಪಾರಿನಿಂದ ಮಾನವ ಹಕ್ಕುಗಳ ಉಲ್ಲಂಘನೆಯಾಗುತ್ತದೆ ಎಂದು ತೋರಿಸಿಕೊಡುವುದು ಅವುಗಳಲ್ಲಿ ಮುಖ್ಯವಾದದ್ದು, ಮತ್ತು ಕುಟುಂಬದ ವಾದ ಒಳಗೆ ಬರುವುದು ಈ ಬಾಗಿಲಿನಿಂದಲೇ.

ಬ್ರಿಟನ್ನಿನ ಗೃಹ ಇಲಾಖೆಯಾದ ಹೋಮ್ ಆಫೀಸಿನ ಮೊದಲ ಪತ್ರ ಸಾಮಾನ್ಯವಾಗಿ ಜೈಲಿನ ವಿಳಾಸಕ್ಕೇ ಹೋಗುತ್ತದೆ. ನಿಮ್ಮನ್ನು ಏಕೆ ಗಡೀಪಾರು ಮಾಡಬಾರದು ಎಂಬುದಕ್ಕೆ ಕಾರಣಗಳನ್ನು ಗೊತ್ತುಪಡಿಸಿದ ದಿನಗಳೊಳಗೆ ಬರೆದು ತಿಳಿಸಿ ಎಂದು ಅದರಲ್ಲಿ ಕೇಳಿರುತ್ತಾರೆ. ಮನೆಯವರಿಗೆ ಬೇಸರವಾದೀತೆಂದು ಆ ಪತ್ರವನ್ನು ಹಾಸಿಗೆಯ ಕೆಳಗಿಟ್ಟುಕೊಂಡು ಸುಮ್ಮನಿರುವ ಗಂಡಸರಿದ್ದಾರೆ. ಮುಂದಿನ ಸಲ ಭೇಟಿಗೆ ಹೋದಾಗ ಹೋಮ್ ಆಫೀಸಿನಿಂದ ಏನಾದರೂ ಬಂದಿದೆಯೇ ಎಂದು ನೀವೇ ಕೇಳಿ, ಬಂದಿದ್ದರೆ ಅದರ ಮೇಲಿನ ತಾರೀಖನ್ನು ಬರೆದುಕೊಳ್ಳಿ. ಶಿಕ್ಷೆಯ ಅವಧಿ ತೀರಿದ ಮೇಲೂ ಇಮಿಗ್ರೇಷನ್ ಕಾಯ್ದೆಯಡಿ ಬಂಧನದಲ್ಲಿ ಮುಂದುವರಿಸುವ ಅಧಿಕಾರ ಅವರಿಗಿದೆ. ಬಿಡುಗಡೆಯ ದಿನವೇ ಕರೆದುಕೊಂಡು ಬರಲು ಹೊರಟ ಹೆಂಡತಿ ಮಕ್ಕಳು ಗೇಟಿನಿಂದ ಹಿಂದಿರುಗುವುದು ಈ ಕಾರಣಕ್ಕೆ.

ನನಗೆ ಐಎಲ್‌ಆರ್ ಇದೆ, ಇಪ್ಪತ್ತು ವರ್ಷದಿಂದ ತೆರಿಗೆ ಕಟ್ಟಿದ್ದೇನೆ, ಮನೆ ಕೊಂಡಿದ್ದೇನೆ. ನನ್ನನ್ನು ಹೇಗೆ ಕಳಿಸಲು ಸಾಧ್ಯ?

ಸಾಧ್ಯ. ಐಎಲ್‌ಆರ್ ಎಂದರೆ ಕಾಲಮಿತಿಯಿಲ್ಲದೆ ಇರಲು ಕೊಟ್ಟ ಅನುಮತಿ, ಪೌರತ್ವವಲ್ಲ. ಗಡೀಪಾರು ಆದೇಶ ಹೊರಟ ಕ್ಷಣಕ್ಕೆ ಆ ಅನುಮತಿ ಬಿದ್ದುಹೋಗುತ್ತದೆ. ಇದು ನಮ್ಮವರಿಗೆ ವಿಶೇಷವಾಗಿ ತಟ್ಟುವ ವಿಷಯ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ, ಬ್ರಿಟಿಷ್ ಪಾಸ್‌ಪೋರ್ಟ್ ಪಡೆಯಲು ಎಲ್ಲ ಅರ್ಹತೆಯಿದ್ದರೂ ಎಷ್ಟೋ ಮಂದಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುತ್ತಾರೆ. ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನ ಮೇಲೆ ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂಬುದು ಕೆಲವರಿಗೆ ಕಾರಣವಾದರೆ, ತಂದೆ ಕೊಟ್ಟ ಗುರುತನ್ನು ಬಿಡಲಾಗದ ಮನಸ್ಸು ಇನ್ನು ಕೆಲವರಿಗೆ. ಆ ಆಯ್ಕೆಯನ್ನು ತಪ್ಪೆನ್ನಲಾಗದು. ಆದರೆ ಒಂದು ರಾತ್ರಿಯ ಅಜಾಗರೂಕ ಚಾಲನೆಯಿಂದ ಯಾರದೋ ಪ್ರಾಣ ಹೋಗಿ, ಎರಡು ವರ್ಷದ ಶಿಕ್ಷೆಯಾದರೆ, ಅದೇ ತಪ್ಪು ಮಾಡಿದ ಬ್ರಿಟಿಷ್ ಪೌರ ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಾನೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನು ಎರಡನೆಯ ವಿಚಾರಣೆಗೆ ಸಿದ್ಧನಾಗಬೇಕಾಗುತ್ತದೆ. ಆಯ್ಕೆ ಮಾಡುವಾಗ ಇದೂ ಗೊತ್ತಿರಬೇಕು. ಶಿಕ್ಷೆಯಾದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಿ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಏಕೆಂದರೆ ಆ ಅರ್ಜಿಗೆ ಸನ್ನಡತೆಯೂ ಒಂದು ಷರತ್ತು.

ನಮ್ಮ ಮಾವನವರು 1960ರ ದಶಕದಲ್ಲಿ ವೈದ್ಯರಾಗಿ ಬಂದವರು, ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದಾರೆ. ಅವರಿಗೂ ಇದೇ ನಿಯಮವೇ?

ಅಲ್ಲದಿರಬಹುದು. 1971ರ ಇಮಿಗ್ರೇಷನ್ ಆ್ಯಕ್ಟ್‌ನ 7ನೇ ಸೆಕ್ಷನ್, ಆ ಕಾಯ್ದೆ ಜಾರಿಗೆ ಬಂದ 1973ರ ಜನವರಿ 1ರಂದು ಕಾಮನ್‌ವೆಲ್ತ್ ಪೌರರಾಗಿ ಬ್ರಿಟನ್ನಿನಲ್ಲೇ ಸಾಮಾನ್ಯವಾಗಿ ವಾಸವಾಗಿದ್ದವರನ್ನು ಗಡೀಪಾರಿನಿಂದ ರಕ್ಷಿಸುತ್ತದೆ. ತೀರ್ಮಾನಕ್ಕೆ ಹಿಂದಿನ ಐದು ವರ್ಷಗಳಲ್ಲೂ ಅವರು ಇಲ್ಲೇ ವಾಸವಾಗಿದ್ದಿರಬೇಕು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಇದು ಆ ತಲೆಮಾರಿನವರಿಗೆ ಅನ್ವಯಿಸುತ್ತದೆ. ಹಳೆಯ ವೇತನ ಚೀಟಿ, ಆಸ್ಪತ್ರೆಯ ನೇಮಕಾತಿ ಪತ್ರ, ಮುದ್ರೆ ಬಿದ್ದ ಹಳೆಯ ಪಾಸ್‌ಪೋರ್ಟ್ ಇವುಗಳನ್ನು ಎಸೆಯಬೇಡಿ.

ಶಿಕ್ಷೆ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲವಲ್ಲ?

ಚಿಂತೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಬ್ಬ ವ್ಯಕ್ತಿಯ ಇರವು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎಂದು ಕಂಡರೆ 1971ರ ಕಾಯ್ದೆಯಡಿ ಗಡೀಪಾರು ಮಾಡುವ ವಿವೇಚನಾಧಿಕಾರ ಗೃಹ ಸಚಿವರಿಗೆ ಬೇರೆಯಾಗಿಯೇ ಇದೆ. ಗಂಭೀರ ಹಾನಿ ಉಂಟುಮಾಡಿದ ಅಪರಾಧ, ಮತ್ತೆ ಮತ್ತೆ ಅಪರಾಧ ಮಾಡುವ ಚಾಳಿ, ಇವೆರಡೂ ಶಿಕ್ಷೆಯ ಅವಧಿ ಚಿಕ್ಕದಿದ್ದರೂ ಒಬ್ಬನನ್ನು ಕಾನೂನಿನ ಮಾತಿನಲ್ಲಿ 'ವಿದೇಶಿ ಅಪರಾಧಿ' ಮಾಡಬಲ್ಲವು. ವೀಸಾ ನವೀಕರಣದ ಹೊತ್ತಿಗೂ ಪ್ರತಿಯೊಂದು ಶಿಕ್ಷೆಯನ್ನು ತಿಳಿಸಬೇಕು. ಚಿಕ್ಕ ದಂಡವನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ, ಆ ದಂಡಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ಕಾರಣವಾಗಿಬಿಡುತ್ತದೆ.

ಹೆಂಡತಿ, ಇಬ್ಬರು ಮಕ್ಕಳು ಇಲ್ಲೇ ಇದ್ದಾರೆ ಎಂದರೆ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಖಾಸಗಿ ಬದುಕು ಮತ್ತು ಕುಟುಂಬದ ಬದುಕನ್ನು ಗೌರವಿಸಬೇಕು ಎನ್ನುತ್ತದೆ. ಬ್ರಿಟನ್ 1998ರ ಹ್ಯೂಮನ್ ರೈಟ್ಸ್ ಆ್ಯಕ್ಟ್ ಮೂಲಕ ಅದನ್ನು ತನ್ನ ಕಾನೂನಿನೊಳಗೆ ತಂದುಕೊಂಡಿದೆ. ಆದರೆ ಆ ವಿಧಿಗೆ ಎರಡನೆಯ ಭಾಗವೂ ಇದೆ. ಅಪರಾಧಗಳನ್ನು ತಡೆಯುವಂಥ ಉದ್ದೇಶಗಳಿಗಾಗಿ, ಕಾನೂನಿನ ಪ್ರಕಾರ, ಅಗತ್ಯವಿದ್ದಷ್ಟು ಮಟ್ಟಿಗೆ ಸರ್ಕಾರ ಈ ಹಕ್ಕಿನಲ್ಲಿ ಕೈಹಾಕಬಹುದು. ಹಾಗಾಗಿ ಈ ಕುಟುಂಬವನ್ನು ಬೇರ್ಪಡಿಸುವಷ್ಟು ಸಾರ್ವಜನಿಕ ಹಿತ ಇಲ್ಲಿದೆಯೇ ಎಂಬುದನ್ನು ಪ್ರತಿ ಪ್ರಕರಣದಲ್ಲೂ ತೂಗಿ ನೋಡಬೇಕಾಗುತ್ತದೆ.

ಆದರೆ ಈ ತಕ್ಕಡಿ ಖಾಲಿಯಾಗಿ ನಿಮ್ಮ ಮುಂದೆ ಬರುವುದಿಲ್ಲ. ವಿದೇಶಿ ಅಪರಾಧಿಯ ಗಡೀಪಾರು ಸಾರ್ವಜನಿಕ ಹಿತದಲ್ಲಿದೆ, ಅಪರಾಧ ಗಂಭೀರವಾದಷ್ಟೂ ಆ ಹಿತ ಹೆಚ್ಚು ಎಂದು ಸಂಸತ್ತು 2014ರಲ್ಲಿ ಕಾನೂನಿನಲ್ಲೇ ಬರೆದಿದೆ. ಅಂದರೆ ಒಂದು ತಟ್ಟೆಯಲ್ಲಿ ಮೊದಲೇ ಬಟ್ಟು ಇಟ್ಟಾಗಿದೆ. ಈ ಬರಹದ ಉಳಿದ ಭಾಗವೆಲ್ಲ ಇನ್ನೊಂದು ತಟ್ಟೆಗೆ ಏನನ್ನು, ಹೇಗೆ ಇಡಬೇಕು ಎಂಬುದರ ಬಗ್ಗೆ.

## ತೂಗುವ ಬಗೆ

ಎಲ್ಲರೂ ನಾಲ್ಕು ವರ್ಷ, ನಾಲ್ಕು ವರ್ಷ ಎನ್ನುತ್ತಾರೆ. ಏನದು ನಾಲ್ಕು ವರ್ಷದ ಗೆರೆ?

2002ರ ನ್ಯಾಷನಾಲಿಟಿ, ಇಮಿಗ್ರೇಷನ್ ಆ್ಯಂಡ್ ಅಸೈಲಮ್ ಆ್ಯಕ್ಟ್‌ಗೆ 2014ರಲ್ಲಿ ಸೇರಿಸಿದ 117ಸಿ ಸೆಕ್ಷನ್ ಈ ಗೆರೆಯನ್ನು ಎಳೆದಿದೆ. ಶಿಕ್ಷೆ ನಾಲ್ಕು ವರ್ಷಕ್ಕಿಂತ ಕಡಿಮೆಯಿದ್ದರೆ ಎರಡು ವಿನಾಯಿತಿಗಳಲ್ಲಿ ಒಂದನ್ನು ಸಾಧಿಸಿ ತೋರಿಸಬಹುದು. ಮೊದಲನೆಯದು ಬಹುಪಾಲು ಬದುಕನ್ನು ಕಾನೂನುಬದ್ಧವಾಗಿ ಇಲ್ಲೇ ಕಳೆದವರಿಗೆ, ಎರಡನೆಯದು ಸಂಗಾತಿಯೋ ಮಕ್ಕಳೋ ಇರುವವರಿಗೆ. ಎರಡನೆಯದರಲ್ಲಿ ಸಂಗಾತಿ ಬ್ರಿಟಿಷ್ ಪೌರರೋ ಇಲ್ಲಿ ಕಾಯಂ ನೆಲೆಸಿದವರೋ ಆಗಿರಬೇಕು. ಮಗು 18ರೊಳಗಿನದಾಗಿದ್ದು, ಬ್ರಿಟಿಷ್ ಪೌರತ್ವ ಹೊಂದಿರಬೇಕು ಅಥವಾ ಕನಿಷ್ಠ ಏಳು ವರ್ಷ ನಿರಂತರವಾಗಿ ಇಲ್ಲಿ ಬಾಳಿರಬೇಕು. ಸಂಬಂಧ ನಿಜವಾದದ್ದು, ಈಗಲೂ ಜೀವಂತವಾಗಿರುವಂಥದ್ದು ಎಂದು ತೋರಿಸಬೇಕು. ಇಷ್ಟಾದ ಮೇಲೆ, ಗಡೀಪಾರಿನ ಪರಿಣಾಮ ಅವರ ಮೇಲೆ ಮಿತಿಮೀರಿ ಕಠೋರವಾಗುತ್ತದೆ ಎಂಬುದನ್ನೂ ಸಾಬೀತುಪಡಿಸಬೇಕು.

ಶಿಕ್ಷೆ ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಇದೂ ಸಾಲದು. ಆ ವಿನಾಯಿತಿಗಳನ್ನು ಮೀರಿ ನಿಲ್ಲುವ ಅತ್ಯಂತ ಬಲವಾದ ಸಂದರ್ಭಗಳು ಇರಬೇಕು. ಬಾಗಿಲು ಕಿರಿದು, ಆದರೆ ಮುಚ್ಚಿಲ್ಲ. ಎಎ ಎಂಬ ಅಕ್ಷರಗಳಿಂದ ಗುರುತಿಸಲಾದ ನೈಜೀರಿಯಾದ ವ್ಯಕ್ತಿಗೆ ಮಾದಕ ವಸ್ತು ಪೂರೈಕೆಯ ಸಂಚಿಗಾಗಿ ನಾಲ್ಕೂವರೆ ವರ್ಷ ಶಿಕ್ಷೆಯಾಗಿತ್ತು. ಅವನ ಮಕ್ಕಳ ಸ್ಥಿತಿ, ಅವನಲ್ಲಿ ಆದ ಬದಲಾವಣೆ ಎಲ್ಲವನ್ನೂ ಒಟ್ಟಾಗಿ ನೋಡಿದ ಟ್ರಿಬ್ಯೂನಲ್ (ಇಂಥ ಮೇಲ್ಮನವಿಗಳನ್ನು ಕೇಳುವ ನ್ಯಾಯಮಂಡಳಿ) ಗಡೀಪಾರನ್ನು ತಡೆಯಿತು, 2022ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

'ಮಿತಿಮೀರಿದ ಕಠೋರತೆ' ಎಂದರೆ ಏನು? ಮಕ್ಕಳು ಅಪ್ಪನಿಲ್ಲದೆ ಅಳುವುದಕ್ಕಿಂತ ಕಠೋರವಾದದ್ದು ಇನ್ನೇನಿದೆ?

ಈ ಪ್ರಶ್ನೆ ಕೇಳುವಾಗ ತಾಯಂದಿರ ದನಿ ಒಡೆಯುತ್ತದೆ. ಕಾನೂನಿನ ಉತ್ತರ ಅವರಿಗೆ ಕಲ್ಲಿನಂತೆ ಕೇಳಿಸುತ್ತದೆ ಎಂಬುದು ಗೊತ್ತಿದ್ದೂ ಹೇಳಬೇಕಾಗಿದೆ. ಅನನುಕೂಲ, ಇಷ್ಟವಿಲ್ಲದಿರುವುದು, ಬರಿಯ ಕಷ್ಟ, ಇವು ಆ ಮಟ್ಟವನ್ನು ಮುಟ್ಟುವುದಿಲ್ಲ. ಪರಿಣಾಮ ತೀವ್ರವೂ ಕತ್ತಲು ಕವಿದಂಥದ್ದೂ ಆಗಿರಬೇಕು, ಅದಕ್ಕೆ 'ಮಿತಿಮೀರಿದ' ಎಂಬ ವಿಶೇಷಣ ಸೇರಿದಾಗ ಮಟ್ಟ ಇನ್ನೂ ಮೇಲೇರುತ್ತದೆ ಎಂದು ನ್ಯಾಯಾಲಯಗಳು ಹೇಳಿವೆ.

ಹಾಗಿದ್ದರೂ ಎರಡು ತೀರ್ಪುಗಳು ಕುಟುಂಬಗಳಿಗೆ ಉಸಿರಾಡಲು ಜಾಗ ಮಾಡಿಕೊಟ್ಟಿವೆ. 2018ರ ಕೆಓ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿನ ಮೇಲಿನ ಪರಿಣಾಮವನ್ನು ಅಳೆಯುವಾಗ ತಂದೆಯ ಅಪರಾಧ ಎಷ್ಟು ದೊಡ್ಡದು ಎಂಬುದನ್ನು ನಡುವೆ ತರಬಾರದು ಎಂದಿತು. ಸಂಸತ್ತು ಆ ಲೆಕ್ಕವನ್ನು ಶಿಕ್ಷೆಯ ಅವಧಿಯ ಮೂಲಕ ಮೊದಲೇ ಮಾಡಿ ಮುಗಿಸಿದೆ, ಮಗುವಿನ ಕಣ್ಣೀರಿನಿಂದ ಅದನ್ನು ಮತ್ತೊಮ್ಮೆ ಕಳೆಯುವಂತಿಲ್ಲ. ಎರಡನೆಯದು 2022ರ ಎಚ್‌ಎ ಪ್ರಕರಣ. ಯಾವ ಮಗುವಿಗಾದರೂ ಆಗುವ ಸಾಮಾನ್ಯ ನೋವಿಗಿಂತ ಈ ಮಗುವಿನ ನೋವು ಹೆಚ್ಚೇ ಎಂದು ಕಲ್ಪಿತ ಮಗುವೊಂದರ ಜೊತೆ ಹೋಲಿಸಿ ಅಳೆಯಬೇಕು ಎಂಬ ಹೋಮ್ ಆಫೀಸಿನ ವಾದವನ್ನು ಅಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ನೋಡಬೇಕಾದದ್ದು ಎದುರಿಗಿರುವ ಈ ಮಗುವನ್ನು. ಇಡೀ ವಿಷಯದಲ್ಲಿ ನೆನಪಿಡಬೇಕಾದ ಒಂದು ಮಾತಿದ್ದರೆ ಇದೇ ಎಂದು ನನ್ನ ನಂಬಿಕೆ.

ಪರಿಶೀಲನೆ ಎರಡು ದಿಕ್ಕಿನಲ್ಲಿ ನಡೆಯುತ್ತದೆ. ಮಕ್ಕಳು ತಂದೆಯ ಜೊತೆ ಭಾರತಕ್ಕೆ ಹೋದರೆ ಏನಾಗುತ್ತದೆ, ತಂದೆಯನ್ನು ಬಿಟ್ಟು ಇಲ್ಲೇ ಉಳಿದರೆ ಏನಾಗುತ್ತದೆ. ಎರಡರಲ್ಲೂ ಪರಿಣಾಮ ಮಿತಿಮೀರಿ ಕಠೋರ ಎಂದು ತೋರಿಸಬೇಕು. ಒಂದನ್ನು ಮಾತ್ರ ವಾದಿಸಿ ಇನ್ನೊಂದನ್ನು ಮರೆತದ್ದರಿಂದ ಸೋಲುವ ಪ್ರಕರಣಗಳಿವೆ.

ಮಗಳಿಗೆ ಕನ್ನಡ ಬರುತ್ತದೆ, ವರ್ಷಕ್ಕೊಮ್ಮೆ ಅಜ್ಜಿ ಮನೆಗೆ ಹೋಗುತ್ತಾಳೆ. ಇದನ್ನು ಹೇಳದೇ ಇರುವುದು ಒಳ್ಳೆಯದೇ?

ಮುಚ್ಚಿಡಬೇಡಿ. ಮಕ್ಕಳು ಹೋಗಿಬಂದ ದಿನಾಂಕಗಳನ್ನು ಪಾಸ್‌ಪೋರ್ಟ್ ಹೇಳುತ್ತದೆ, ಮತ್ತು ವಿಚಾರಣೆಯಲ್ಲಿ ಹೋಮ್ ಆಫೀಸಿನ ಪ್ರತಿನಿಧಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಊರಿನಲ್ಲಿ ಯಾರೂ ಇಲ್ಲ ಎಂದು ಹೇಳಿಕೆಯಲ್ಲಿ ಬರೆದವರ ಎದುರು ಕಳೆದ ಬೇಸಿಗೆಯ ಪ್ರಯಾಣದ ವಿವರ ಬಂದರೆ, ಉಳಿದ ನೂರು ನಿಜಗಳೂ ಅದರೊಂದಿಗೆ ಮುಳುಗುತ್ತವೆ.

ನಿಜವನ್ನು ನಿಖರವಾಗಿ ಹೇಳುವುದೇ ಸರಿ. ಅಜ್ಜಿಯ ಜೊತೆ 'ಊಟ ಆಯ್ತಾ' ಎನ್ನುವಷ್ಟು ಕನ್ನಡಕ್ಕೂ ಎಂಟನೆಯ ತರಗತಿಯ ಪಾಠ ಓದಿ ಬರೆಯುವಷ್ಟು ಕನ್ನಡಕ್ಕೂ ಬಹಳ ಅಂತರವಿದೆ. ಆದರೆ ಕರ್ನಾಟಕದ ನಗರಗಳಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಬೇಕಾದಷ್ಟಿವೆ ಎಂಬುದು ನ್ಯಾಯಾಧೀಶರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಭಾಷೆಯೊಂದನ್ನೇ ನೆಚ್ಚಿಕೊಂಡರೆ ವಾದ ತೆಳ್ಳಗಾಗುತ್ತದೆ. ಮಗಳು ಜಿಸಿಎಸ್‌ಇ ಪರೀಕ್ಷೆಯ ನಡುವಿನಲ್ಲಿದ್ದಾಳೆಯೇ, ಅವಳಿಗೆ ಯಾವ ಚಿಕಿತ್ಸೆ ನಡೆಯುತ್ತಿದೆ, ತಾಯಿಯ ಕೆಲಸ ಬಿಟ್ಟರೆ ಮನೆಯ ಸಾಲ ಯಾರು ಕಟ್ಟುತ್ತಾರೆ ಎಂಬಂಥವು ಹೆಚ್ಚು ತೂಗುತ್ತವೆ.

ತಪ್ಪು ಮಾಡಿದ್ದು ಅಪ್ಪ. ಮಕ್ಕಳಿಗೇಕೆ ಶಿಕ್ಷೆ?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2011ರ ಝಡ್‌ಎಚ್ ಪ್ರಕರಣದಲ್ಲಿ ನೇರವಾಗಿ ಎದುರಿಸಿತು. ತಾಂಜಾನಿಯಾದ ತಾಯಿಯೊಬ್ಬಳು ಸುಳ್ಳು ಹೆಸರಿನಲ್ಲಿ ಆಶ್ರಯದ ಅರ್ಜಿಗಳನ್ನು ಹಾಕಿದ್ದಳು, ಆದರೆ ಅವಳ ಇಬ್ಬರು ಮಕ್ಕಳು ಬ್ರಿಟಿಷ್ ಪೌರರು. ಮಕ್ಕಳ ಹಿತ ಪ್ರಾಥಮಿಕ ಪರಿಗಣನೆಗಳಲ್ಲಿ ಒಂದು, ತಾಯಿಯ ತಪ್ಪಿಗೆ ಮಕ್ಕಳನ್ನು ಹೊಣೆ ಮಾಡಲಾಗದು ಎಂದ ಲೇಡಿ ಹೇಲ್ ಅವರ ತೀರ್ಪು ಇಂದಿಗೂ ಆಧಾರವಾಗಿ ನಿಂತಿದೆ. 2009ರ ಬಾರ್ಡರ್ಸ್, ಸಿಟಿಜನ್‌ಶಿಪ್ ಆ್ಯಂಡ್ ಇಮಿಗ್ರೇಷನ್ ಆ್ಯಕ್ಟ್‌ನ 55ನೇ ಸೆಕ್ಷನ್ ಕೂಡ ಮಕ್ಕಳ ಕ್ಷೇಮವನ್ನು ಗಮನದಲ್ಲಿಟ್ಟುಕೊಳ್ಳುವ ಕರ್ತವ್ಯವನ್ನು ಹೋಮ್ ಆಫೀಸಿನ ಮೇಲೆ ಹೊರಿಸಿದೆ.

ಆದರೆ 'ಪರಿಗಣನೆಗಳಲ್ಲಿ ಒಂದು' ಎಂಬ ಮಾತನ್ನು ಗಮನಿಸಿ. ಅದನ್ನು ಮೊದಲು ನೋಡಬೇಕು, ಆದರೆ ಎಲ್ಲವನ್ನೂ ಮೀರಿಸಿಬಿಡುವ ಅಂಶ ಅದಲ್ಲ. ತಂದೆ ಜೊತೆಯಲ್ಲಿರುವುದೇ ಮಗುವಿಗೆ ಹಿತ ಎಂದು ನ್ಯಾಯಾಧೀಶರು ಒಪ್ಪಿ, ಅದೇ ತೀರ್ಪಿನ ಕೊನೆಗೆ ಗಡೀಪಾರನ್ನು ಎತ್ತಿಹಿಡಿಯುವುದೂ ಉಂಟು. ಮಗುವಿಗೆ ನೋವಾಗುತ್ತದೆ ಎಂದು ಬರೆದು, ಆ ನೋವನ್ನು ಸಹಿಸಲೇಬೇಕು ಎಂದು ತೀರ್ಮಾನಿಸುವ ಕಾನೂನು ಸುಲಭವಾಗಿ ಮನಸ್ಸಿಗೆ ಒಗ್ಗುವುದಿಲ್ಲ. ಕಡೆಯಪಕ್ಷ ಆ ಮಗುವಿನ ಬದುಕನ್ನು ಪೂರ್ತಿಯಾಗಿ ನೋಡಿದ ಮೇಲೆ ಬರೆಯಲಿ ಎಂಬುದಷ್ಟನ್ನು ನಾವು ಪಟ್ಟುಹಿಡಿದು ಕೇಳಬಹುದು.

ನಾವು ಮದುವೆಯಾದಾಗ ಅವರ ವೀಸಾ ಮುಗಿದಿತ್ತು. ಅದರಿಂದ ವ್ಯತ್ಯಾಸವಾಗುತ್ತದೆಯೇ?

ಆಗುತ್ತದೆ. ಕಾನೂನುಬಾಹಿರವಾಗಿ ಇದ್ದಾಗ ಕಟ್ಟಿಕೊಂಡ ದಾಂಪತ್ಯಕ್ಕೆ ಕಡಿಮೆ ತೂಕ ಕೊಡಬೇಕು ಎಂದು ಅದೇ 2002ರ ಕಾಯ್ದೆಯ 117ಬಿ ಸೆಕ್ಷನ್ ಹೇಳುತ್ತದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೂಡ, ಮದುವೆಯ ಹೊತ್ತಿಗೆ ಸಂಗಾತಿಗೆ ಅಪರಾಧದ ವಿಷಯ ಗೊತ್ತಿತ್ತೇ ಎಂದು ಕೇಳುತ್ತದೆ. ಮಕ್ಕಳ ಜೊತೆಗಿನ ಸಂಬಂಧಕ್ಕೆ ಈ ಕಡಿತ ಅದೇ ರೀತಿ ಅನ್ವಯಿಸುವುದಿಲ್ಲ.

ಶಿಕ್ಷೆಯಾದದ್ದು ನನ್ನ ಮೇಲೆ ಕೈಮಾಡಿದ್ದಕ್ಕೇ. ಆದರೂ ಮಕ್ಕಳಿಗೋಸ್ಕರ ಇಲ್ಲಿರಲಿ ಎಂದು ಮನೆಯವರೆಲ್ಲ ನನ್ನಿಂದ ಪತ್ರ ಕೇಳುತ್ತಿದ್ದಾರೆ. ಏನು ಮಾಡಲಿ?

ಆ ಪತ್ರವನ್ನು ಬರೆಯಲೇಬೇಕಾದ ಕಾನೂನಿನ ಹಂಗು ನಿಮಗಿಲ್ಲ. ಅತ್ತೆ ಮಾವ, ಭಾವ ಮೈದುನರು, ಕೆಲವು ಸಲ ತವರಿನವರೂ ಸೇರಿ 'ನಿನ್ನ ಒಂದು ಸಹಿಯಲ್ಲಿ ಅವನ ಬದುಕಿದೆ' ಎನ್ನುತ್ತಾರೆ. ನಿಜಕ್ಕೂ ನಿಮ್ಮ ಸಹಿಗೆ ಅಂಥ ಶಕ್ತಿಯಿಲ್ಲ. ಅಪರಾಧ ಕುಟುಂಬದ ಮೇಲೆಯೇ ನಡೆದಿರುವಾಗ, ಬಾಧಿತಳೇ ಬೆಂಬಲಿಸಿ ಬರೆದ ಪತ್ರವನ್ನು ನ್ಯಾಯಾಧೀಶರು ಒತ್ತಡದಿಂದ ಬಂದದ್ದೇ ಎಂದು ಎಚ್ಚರದಿಂದ ಓದುತ್ತಾರೆ. ಪ್ರೊಬೇಷನ್ ಅಧಿಕಾರಿಯ ಅಪಾಯ ವರದಿ, ಮಕ್ಕಳ ರಕ್ಷಣಾ ಸೇವೆಯ ದಾಖಲೆ, ಕೌಟುಂಬಿಕ ನ್ಯಾಯಾಲಯದ ಆದೇಶ ಇವುಗಳಿಗೆ ಅಲ್ಲಿ ಹೆಚ್ಚಿನ ಬೆಲೆಯಿದೆ. ನೀವು ಅವರ ಅವಲಂಬಿತ ವೀಸಾದಲ್ಲಿದ್ದರೆ ನಿಮ್ಮ ಸ್ಥಿತಿಯ ಬಗ್ಗೆ ಬೇರೆಯೇ ಸಾಲಿಸಿಟರ್ ಹತ್ತಿರ ಕೇಳಿ. ಅವರ ಸಾಲಿಸಿಟರ್ ನಿಮ್ಮ ಪರವಾಗಿ ಯೋಚಿಸುವವರಲ್ಲ. ಕೌಟುಂಬಿಕ ಹಿಂಸೆಗೆ ಒಳಗಾದ ಸಂಗಾತಿಗೆ ಬ್ರಿಟನ್ನಿನ ನಿಯಮಗಳಲ್ಲಿ ಪ್ರತ್ಯೇಕ ರಕ್ಷಣೆಗಳಿವೆ.

ಜೈಲಿನಲ್ಲಿ ಕೋರ್ಸುಗಳನ್ನು ಮಾಡಿದ್ದಾನೆ, ಕುಡಿತ ಬಿಟ್ಟಿದ್ದಾನೆ, ಮೂರು ವರ್ಷದಿಂದ ಒಂದೂ ತಪ್ಪಿಲ್ಲ. ಸುಧಾರಿಸಿದವನನ್ನೂ ಕಳಿಸುತ್ತಾರೆಯೇ?

ಸುಧಾರಣೆಗೆ ಬೆಲೆಯಿದೆ, ಆದರೆ ನಾವು ಅಂದುಕೊಂಡಷ್ಟಲ್ಲ. ಮತ್ತೆ ತಪ್ಪು ಮಾಡದಿರುವುದು ಎಲ್ಲರಿಂದಲೂ ನಿರೀಕ್ಷಿಸುವ ನಡತೆಯಾದ್ದರಿಂದ ಅದಷ್ಟಕ್ಕೇ ಹೆಚ್ಚು ತೂಕ ಸಿಗುವುದಿಲ್ಲ ಎಂಬುದನ್ನು ಎಚ್‌ಎ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಮತ್ತೆ ಅಪರಾಧ ನಡೆಯುವ ಸಂಭವ ನಿಜವಾಗಿ ತಗ್ಗಿದೆ ಎಂದು ತೋರಿಸುವ ಸಾಕ್ಷ್ಯಕ್ಕೆ ತೂಕವಿದೆ. ಸಾರ್ವಜನಿಕ ಹಿತದ ಒಂದು ಭಾಗ ಜನರ ರಕ್ಷಣೆ, ಅಪಾಯ ತಗ್ಗಿದಷ್ಟೂ ಆ ಭಾಗ ಹಗುರವಾಗುತ್ತದೆ. ಇತರರಿಗೆ ಎಚ್ಚರಿಕೆಯಾಗಬೇಕು ಎಂಬ ಇನ್ನೊಂದು ಭಾಗ ಹಾಗೆಯೇ ಉಳಿಯುತ್ತದೆ. ಇಲ್ಲಿ ಒಂದು ಕಟು ವಿಷಯವೂ ಇದೆ: ನನ್ನ ತಪ್ಪೇ ಇಲ್ಲ, ಲಾಯರ್ ಹೇಳಿದ್ದಕ್ಕೆ ಒಪ್ಪಿಕೊಂಡೆ ಎಂದು ಟ್ರಿಬ್ಯೂನಲ್ ಮುಂದೆ ಹೇಳುವವರು ತಮ್ಮ ಸುಧಾರಣೆಯ ವಾದವನ್ನು ತಾವೇ ಕೆಡವಿಕೊಳ್ಳುತ್ತಾರೆ.

## ಸಾಕ್ಷ್ಯ, ಮೇಲ್ಮನವಿ ಮತ್ತು ಆಚೆಗಿನ ಪ್ರಶ್ನೆಗಳು

ಗೆಳೆಯರು, ಕನ್ನಡ ಕೂಟದವರು, ದೇವಸ್ಥಾನದವರು ಸೇರಿ ಇಪ್ಪತ್ತು ಪತ್ರ ಕೊಟ್ಟಿದ್ದಾರೆ. ಸಾಕೇ?

ಇಪ್ಪತ್ತು ಪತ್ರಗಳೂ 'ಇವರು ಸಜ್ಜನರು, ಮಕ್ಕಳನ್ನು ಪ್ರಾಣದಂತೆ ಪ್ರೀತಿಸುತ್ತಾರೆ' ಎಂದೇ ಹೇಳುತ್ತಿದ್ದರೆ ಅವು ಒಂದು ಪತ್ರಕ್ಕೆ ಸಮ. ಪ್ರೀತಿಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಅದರ ಬದಲು ಶಾಲೆಯಿಂದ ಬಂದ ಒಂದು ಪುಟದ ಪತ್ರವನ್ನು ಊಹಿಸಿಕೊಳ್ಳಿ. ಎಂಟು ವರ್ಷದ ಹುಡುಗನಿಗೆ ಮಾತು ತಡವರಿಸುವ ತೊಂದರೆಯಿದೆ. ಸ್ಪೀಚ್ ಥೆರಪಿಸ್ಟ್ ಕೊಟ್ಟ ಅಭ್ಯಾಸವನ್ನು ಪ್ರತಿ ಸಂಜೆ ತಂದೆ ಮಾಡಿಸಿ ನೋಟ್‌ಬುಕ್ಕಿನಲ್ಲಿ ಸಹಿ ಹಾಕುತ್ತಿದ್ದರು. ನವೆಂಬರ್‌ನಲ್ಲಿ ತಂದೆ ಜೈಲಿಗೆ ಹೋದ ಮೇಲೆ ಆ ಪುಟಗಳು ಖಾಲಿ. ತಾಯಿಗೆ ರಾತ್ರಿ ಪಾಳಿ. ಜನವರಿಯಿಂದ ಹುಡುಗ ತರಗತಿಯಲ್ಲಿ ಕೈ ಎತ್ತುವುದನ್ನೇ ನಿಲ್ಲಿಸಿದ್ದಾನೆ, ಊಟದ ಡಬ್ಬಿ ಮುಚ್ಚಳ ತೆಗೆಯದೆ ಮನೆಗೆ ಹೋಗುತ್ತಿದೆ. ಈ ಪತ್ರ ಬರೆದ ಶಿಕ್ಷಕಿ ತಂದೆಯನ್ನು ಹೊಗಳಿಲ್ಲ, ಕಂಡದ್ದನ್ನು ತಾರೀಖಿನ ಸಮೇತ ಬರೆದಿದ್ದಾರೆ. ಆ ನೋಟ್‌ಬುಕ್ಕಿನ ಸಹಿ ಇರುವ ಪುಟ, ಇಲ್ಲದ ಪುಟ ಎರಡರ ಪ್ರತಿಯನ್ನೂ ಸೇರಿಸಿದರೆ ನ್ಯಾಯಾಧೀಶರ ಕಣ್ಣೆದುರು ಒಂದು ಮಗು ನಿಲ್ಲುತ್ತದೆ.

ಸ್ವತಂತ್ರ ಸಾಮಾಜಿಕ ಕಾರ್ಯಕರ್ತರ ವರದಿ ಇಂಥ ಪ್ರಕರಣಗಳಲ್ಲಿ ಬಹಳ ಮುಖ್ಯ. ಖರ್ಚು ಹೆಚ್ಚು, ಆದರೆ ಪತ್ರಗಳ ಕಟ್ಟಿಗಿಂತ ಹೆಚ್ಚು ಉಪಯುಕ್ತ. ವೈದ್ಯರ ಟಿಪ್ಪಣಿ, ಜೈಲಿಗೆ ಭೇಟಿಕೊಟ್ಟ ದಾಖಲೆ, ಫೋನ್ ಕರೆಗಳ ಪಟ್ಟಿ ಇವೂ ಬೇಕು. ಪತ್ರ ಬರೆಯುವ ಗೆಳೆಯರು ಅಪರಾಧ ಏನೆಂದು ತಮಗೆ ಗೊತ್ತಿದೆ ಎಂದು ಬರೆಯಲಿ. ಅಪರಾಧವೇ ಗೊತ್ತಿಲ್ಲದವರ ಪ್ರಶಂಸೆಗೆ ಬೆಲೆ ಬರುವುದಿಲ್ಲ. ಹಿಶಾಮ್ ಅಲಿ ಪ್ರಕರಣದ 2016ರ ತೀರ್ಪಿನಲ್ಲಿ ಲಾರ್ಡ್ ಥಾಮಸ್, ಪರ ಮತ್ತು ವಿರುದ್ಧದ ಅಂಶಗಳನ್ನು ಜಮಾಖರ್ಚಿನ ಪಟ್ಟಿಯಂತೆ ಎದುರುಬದುರು ಬರೆದು ತೂಗುವುದು ಒಳ್ಳೆಯದೆಂದು ಕೆಳಗಿನ ನ್ಯಾಯಾಧೀಶರಿಗೆ ಸೂಚಿಸಿದ್ದಾರೆ. ನಿಮ್ಮ ಕಟ್ಟಿನ ಪ್ರತಿಯೊಂದು ಕಾಗದವನ್ನೂ ಕೈಯಲ್ಲಿ ಹಿಡಿದು, ಆ ಪಟ್ಟಿಯ ಯಾವ ಸಾಲಿಗೆ ಇದು ಸೇರುತ್ತದೆ ಎಂದು ಕೇಳಿಕೊಳ್ಳಿ.

ಅಪೀಲಿಗೆ ಎಷ್ಟು ದಿನ ಇದೆ, ಲಾಯರ್‌ಗೆ ಹಣ ಇಲ್ಲದಿದ್ದರೆ?

ಬ್ರಿಟನ್ನಿನ ಒಳಗಿದ್ದವರಿಗೆ ತೀರ್ಮಾನದ ನೋಟಿಸ್ ಕಳಿಸಿದ ಮೇಲೆ 14 ದಿನ. ಮೇಲ್ಮನವಿ ಮೊದಲು ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ, ಅಲ್ಲಿ ಕಾನೂನಿನ ತಪ್ಪು ನಡೆದಿದ್ದರೆ ಅನುಮತಿ ಪಡೆದು ಅಪ್ಪರ್ ಟ್ರಿಬ್ಯೂನಲ್‌ಗೆ ಹೋಗುತ್ತದೆ. ಮೊದಲ ಹಂತದಲ್ಲಿ ಇಡದ ಸಾಕ್ಷ್ಯವನ್ನು ಮೇಲಿನ ಹಂತದಲ್ಲಿ ಇಡುವುದು ಬಹಳ ಕಷ್ಟ. 2013ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕುಟುಂಬದ ಬದುಕಿನ ಆಧಾರದ ಇಂಥ ಪ್ರಕರಣಗಳಿಗೆ ಸಾಮಾನ್ಯ ಸರ್ಕಾರಿ ಕಾನೂನು ನೆರವು ಇಲ್ಲ. ಆದರೆ ವಿಶೇಷ ಪ್ರಕರಣದ ನೆರವಿಗೆ ಅರ್ಜಿ ಹಾಕಬಹುದು. ಗಡೀಪಾರಿನ ಪ್ರಕರಣಗಳಲ್ಲಿ ಅದು ಸಿಗುವುದುಂಟು, ಆದ್ದರಿಂದ ಮನೆ ಅಡವಿಡುವ ಮೊದಲು ಇದನ್ನು ಕೇಳಿ. ನೋಂದಣಿಯಿಲ್ಲದ 'ವೀಸಾ ಕನ್ಸಲ್ಟೆಂಟ್' ಹತ್ತಿರ ಹೋಗಬೇಡಿ. ಅವರು ಸಲಹೆ ಕೊಡುವುದೇ ಅಪರಾಧ.

ಮೊದಲು ಭಾರತಕ್ಕೆ ಕಳಿಸಿ, ಅಪೀಲು ಅಲ್ಲಿಂದ ನಡೆಸಿ ಎನ್ನುತ್ತಾರಂತೆ. ನಿಜವೇ?

ನಿಜ. 2002ರ ಕಾಯ್ದೆಯ 94ಬಿ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಹೊರಗಿನಿಂದ ನಡೆಸುವ ಮೇಲ್ಮನವಿ ಪರಿಣಾಮಕಾರಿಯಾಗುವಂತೆ ಅನುಕೂಲಗಳೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಕಿಯಾರಿ ಮತ್ತು ಬೈಂಡ್‌ಲಾಸ್ ಪ್ರಕರಣದಲ್ಲಿ ಹೇಳಿದ ಮೇಲೆ ಆ ಪದ್ಧತಿ ಹಲವು ವರ್ಷ ನಿಂತಿತ್ತು. ನಂತರ ವಿಡಿಯೊ ಮೂಲಕ ಸಾಕ್ಷ್ಯ ಹೇಳುವ ವ್ಯವಸ್ಥೆಯೊಂದಿಗೆ ಮತ್ತೆ ಶುರುವಾಯಿತು. 2025ರ ಆಗಸ್ಟ್‌ನಲ್ಲಿ ಬ್ರಿಟನ್ ಸರ್ಕಾರ ಹೀಗೆ ಮೊದಲೇ ಕಳಿಸಬಹುದಾದ ದೇಶಗಳ ಪಟ್ಟಿಯನ್ನು 8ರಿಂದ 23ಕ್ಕೆ ಏರಿಸುವುದಾಗಿ ಪ್ರಕಟಿಸಿತು, ಹೊಸದಾಗಿ ಸೇರಿದ ಹೆಸರುಗಳಲ್ಲಿ ಭಾರತವೂ ಇದೆ.

ತಂದೆ ಮೈಸೂರಿನಲ್ಲಿ, ಸಾಲಿಸಿಟರ್ ಬರ್ಮಿಂಗ್‌ಹ್ಯಾಮಿನಲ್ಲಿ, ಮಗುವನ್ನು ಅವರ ಜೊತೆ ನೋಡಬೇಕಾದ ಸಾಮಾಜಿಕ ಕಾರ್ಯಕರ್ತೆ ಲಂಡನ್ನಿನಲ್ಲಿ ಇದ್ದರೆ, ತಂದೆ ಮಗುವಿನ ಒಡನಾಟವನ್ನು ಕಣ್ಣಾರೆ ಕಂಡು ವರದಿ ಬರೆಯುವುದು ಹೇಗೆ? ನನ್ನ ದೊಡ್ಡ ಆಕ್ಷೇಪ ಇಲ್ಲಿದೆ. ತೂಗಬೇಕಾದ ಸಂಬಂಧವನ್ನು ತೂಗುವ ಮೊದಲೇ ಕತ್ತರಿಸಿದಂತಾಗುತ್ತದೆ. ಆದ್ದರಿಂದ ಇಂಥ ಸಾಧ್ಯತೆ ಕಂಡ ಕೂಡಲೇ ಸಾಕ್ಷ್ಯ ಸಂಗ್ರಹಿಸಲು ಶುರುಮಾಡಬೇಕು, ಆದೇಶ ಬರಲಿ ಎಂದು ಕಾಯಬಾರದು.

ಮಗ ಮೂರು ವರ್ಷದವನಾಗಿದ್ದಾಗ ಕರೆತಂದೆವು. ಈಗ ಇಪ್ಪತ್ತಮೂರು, ಮದುವೆಯಿಲ್ಲ, ಮಕ್ಕಳಿಲ್ಲ. ಅವನಿಗೆ ಯಾವ ಆಧಾರ?

ಮೊದಲನೆಯ ವಿನಾಯಿತಿ ಇಂಥವರಿಗಾಗಿಯೇ ಇದೆ. ಬದುಕಿನ ಬಹುಪಾಲು ಕಾನೂನುಬದ್ಧ ವಾಸ, ಇಲ್ಲಿನ ಸಮಾಜ ಮತ್ತು ಸಂಸ್ಕೃತಿಯಲ್ಲಿ ಬೆರೆತಿರುವುದು, ಭಾರತದಲ್ಲಿ ಬೇರೂರಲು ಬಹಳ ಗಣನೀಯ ಅಡೆತಡೆಗಳಿರುವುದು, ಈ ಮೂರನ್ನೂ ತೋರಿಸಬೇಕು. ಕಷ್ಟ ಇರುವುದು ಮೂರನೆಯದರಲ್ಲಿ. ಅಲ್ಲಿನ ಸಮಾಜದಲ್ಲಿ ಒಳಗಿನವನಾಗಿ ಬಾಳಬಲ್ಲನೇ, ಸ್ನೇಹ, ಕೆಲಸ, ದಿನನಿತ್ಯದ ವ್ಯವಹಾರ ಕಟ್ಟಿಕೊಳ್ಳಬಲ್ಲನೇ ಎಂದು ನೋಡುತ್ತಾರೆ. ದೊಡ್ಡಪ್ಪನ ಮನೆ ದಾವಣಗೆರೆಯಲ್ಲಿದೆ, ಇಂಗ್ಲಿಷ್ ಬರುತ್ತದೆ ಎಂಬುದು ಹೋಮ್ ಆಫೀಸಿನ ಸಿದ್ಧ ಉತ್ತರ. ಆ ದೊಡ್ಡಪ್ಪನಿಗೆ ನಿಜಕ್ಕೂ ಅವನನ್ನು ಇಟ್ಟುಕೊಳ್ಳಲು ಸಾಧ್ಯವೇ, ಮನಸ್ಸಿದೆಯೇ ಎಂದು ಅವರಿಂದಲೇ ಹೇಳಿಕೆ ತರಿಸಿ.

ಸ್ಟ್ರಾಸ್‌ಬರ್ಗ್‌ನ ಯುರೋಪಿನ ನ್ಯಾಯಾಲಯದ ಎರಡು ತೀರ್ಪುಗಳನ್ನು ಇಲ್ಲಿ ಜೋಡಿಯಾಗಿ ಓದಬೇಕು. ಆರನೆಯ ವಯಸ್ಸಿಗೆ ಬಲ್ಗೇರಿಯಾದಿಂದ ಆಸ್ಟ್ರಿಯಾಕ್ಕೆ ಬಂದು, ಹದಿಹರೆಯದಲ್ಲಿ ಕಳ್ಳತನಗಳನ್ನು ಮಾಡಿದ ಮಾಸ್ಲೊವ್ ಎಂಬ ಹುಡುಗನ ಪ್ರಕರಣದಲ್ಲಿ, ಬಾಲ್ಯವನ್ನೆಲ್ಲ ಒಂದು ದೇಶದಲ್ಲಿ ಕಳೆದವನನ್ನು ಹೊರಹಾಕಲು ಬಹಳ ಗಂಭೀರ ಕಾರಣಗಳು ಬೇಕು ಎಂದು 2008ರಲ್ಲಿ ಹೇಳಲಾಯಿತು. ಹನ್ನೆರಡನೆಯ ವಯಸ್ಸಿಗೆ ಟರ್ಕಿಯಿಂದ ನೆದರ್‌ಲೆಂಡ್ಸ್‌ಗೆ ಬಂದ ಯುನರ್ ಎಂಬಾತ ಜಗಳದಲ್ಲಿ ಒಬ್ಬನ ಸಾವಿಗೆ ಕಾರಣನಾಗಿ ಏಳು ವರ್ಷದ ಶಿಕ್ಷೆ ಪಡೆದಿದ್ದ. ಸಂಗಾತಿ, ಇಬ್ಬರು ಮಕ್ಕಳಿದ್ದರೂ 2006ರಲ್ಲಿ ಅವನ ಗಡೀಪಾರನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ವಯಸ್ಸು, ಅಪರಾಧದ ಬಗೆ ಎಷ್ಟು ವ್ಯತ್ಯಾಸ ಮಾಡುತ್ತವೆ ಎಂಬುದನ್ನು ಈ ಇಬ್ಬರ ಕಥೆ ತೋರಿಸುತ್ತದೆ.

ಬ್ರಿಟನ್ನಿನಲ್ಲಿ ಸೋತವರು ಯುರೋಪಿನ ಕೋರ್ಟಿನಲ್ಲಿ ಗೆದ್ದದ್ದು ಉಂಟೇ?

ಅಪರೂಪಕ್ಕೆ ಉಂಟು. ನೈಜೀರಿಯಾದ ಉನುವಾನೆ ಮತ್ತು ಅವನ ಹೆಂಡತಿಗೆ ವೀಸಾ ದಾಖಲೆಗಳ ವಂಚನೆಯ ಒಂದೇ ವ್ಯವಹಾರದಲ್ಲಿ ಶಿಕ್ಷೆಯಾಯಿತು, ಅವನಿಗೆ ಐದೂವರೆ ವರ್ಷ, ಅವಳಿಗೆ ಹದಿನೆಂಟು ತಿಂಗಳು. ತಾಯಿ ಹೋದರೆ ಮಕ್ಕಳಿಗೆ ಮಿತಿಮೀರಿ ಕಠೋರವಾಗುತ್ತದೆ ಎಂದು ಅವಳನ್ನು ಉಳಿಸಲಾಯಿತು. ಅವೇ ಮಕ್ಕಳ ತಂದೆ ನಾಲ್ಕು ವರ್ಷದ ಗೆರೆಯ ಆಚೆಗಿದ್ದುದರಿಂದ 2018ರಲ್ಲಿ ಅವನನ್ನು ಕಳಿಸಲಾಯಿತು. ಅವನ ಅಪರಾಧದ ಗಾಂಭೀರ್ಯ ಕುಟುಂಬದ ಹಿತವನ್ನು ಮೀರಿಸುವಷ್ಟಿರಲಿಲ್ಲ ಎಂದು ಸ್ಟ್ರಾಸ್‌ಬರ್ಗ್ 2020ರಲ್ಲಿ ತೀರ್ಪಿತ್ತಿತು. ಆದರೆ ಅಲ್ಲಿಗೆ ತಲುಪಲು ವರ್ಷಗಳು ಬೇಕು.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಹೀಗೆಯೇ?

ಹೆಸರು, ಗೆರೆಗಳು ಬೇರೆ. ಆಸ್ಟ್ರೇಲಿಯಾದಲ್ಲಿ 12 ತಿಂಗಳ ಶಿಕ್ಷೆಯಾಗಿ ಜೈಲಿನಲ್ಲಿರುವವರ ವೀಸಾ ಕಡ್ಡಾಯವಾಗಿ ರದ್ದಾಗುತ್ತದೆ, ಆಮೇಲೆ ಮಕ್ಕಳ ಹಿತ ಮುಂತಾದವನ್ನು ಮುಂದಿಟ್ಟು ಮರಳಿ ಕೇಳಬೇಕು. ಕೆನಡಾದಲ್ಲಿ ಆರು ತಿಂಗಳ ಸೆರೆವಾಸವೇ ಕಾಯಂ ನಿವಾಸಿಯ ಮೇಲ್ಮನವಿಯ ಹಕ್ಕನ್ನು ಕಿತ್ತುಕೊಳ್ಳಬಹುದು. ಅಮೆರಿಕದಲ್ಲಿ 'ಅಗ್ರವೇಟೆಡ್ ಫೆಲನಿ' ಎಂಬ ವರ್ಗಕ್ಕೆ ಸೇರಿದ ಅಪರಾಧವಾದರೆ, ಗ್ರೀನ್ ಕಾರ್ಡ್ ಇದ್ದವರ ಕುಟುಂಬವನ್ನು ತೂಗಿ ನೋಡುವ ಮುಖ್ಯ ದಾರಿಯೇ ಮುಚ್ಚಿಹೋಗುತ್ತದೆ. ತಪ್ಪೊಪ್ಪಿಗೆಯಿಂದ ಗಡೀಪಾರು ಆಗಬಹುದೆಂದು ಕ್ರಿಮಿನಲ್ ವಕೀಲರು ಮೊದಲೇ ತಿಳಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಯಾ ಪ್ರಕರಣದಲ್ಲಿ ಹೇಳಿದೆ. ನಮ್ಮ ದೇಶವೂ ಹೊರತಲ್ಲ: ಎರಡು ವರ್ಷ ಅಥವಾ ಹೆಚ್ಚಿನ ಸೆರೆವಾಸವಾದರೆ ಒಸಿಐ ನೋಂದಣಿ ರದ್ದಾಗಬಹುದೆಂದು ಭಾರತದ ಗೃಹ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ.

ಕಳಿಸಿಬಿಟ್ಟರು. ಇನ್ನು ಬರಲು ಆಗುವುದೇ ಇಲ್ಲವೇ?

ಆದೇಶ ಜಾರಿಯಲ್ಲಿರುವವರೆಗೆ ಬರುವಂತಿಲ್ಲ, ಪ್ರವಾಸಿ ವೀಸಾದಲ್ಲೂ ಇಲ್ಲ. ಇಂತಿಷ್ಟು ವರ್ಷಕ್ಕೆ ಅದು ತಾನಾಗಿ ತೀರುವುದೂ ಇಲ್ಲ, ರದ್ದುಮಾಡಿ ಎಂದು ಅರ್ಜಿ ಹಾಕಬೇಕು. ಆ ಅರ್ಜಿಯಲ್ಲೂ ಇದೇ ತೂಗಾಟ ಮರಳಿ ನಡೆಯುತ್ತದೆ. ಕಳೆದ ಕಾಲ, ಭಾರತದಲ್ಲಿನ ನಡತೆ, ಮಕ್ಕಳ ಈಗಿನ ಸ್ಥಿತಿ ಎಲ್ಲವೂ ಅದರಲ್ಲಿ ಬರುತ್ತವೆ. ಆದ್ದರಿಂದ ದೂರವಿದ್ದರೂ ತಂದೆಯ ಸಂಬಂಧ ಜೀವಂತವಾಗಿತ್ತು ಎಂಬುದಕ್ಕೆ ಗುರುತುಗಳನ್ನು ಉಳಿಸಿಕೊಳ್ಳಿ: ಭಾನುವಾರದ ವಿಡಿಯೊ ಕರೆಯ ದಾಖಲೆ, ಶಾಲೆಯ ವರದಿಯನ್ನು ತಂದೆಗೂ ಕಳಿಸುವಂತೆ ಶಾಲೆಗೆ ಬರೆದ ಇಮೇಲ್, ರಜೆಯಲ್ಲಿ ಮಕ್ಕಳು ಊರಿಗೆ ಹೋಗಿಬಂದ ಟಿಕೆಟ್ಟು, ತಿಂಗಳಿಗೆ ಕಳಿಸಿದ ಹಣ ಚಿಕ್ಕದಾದರೂ ಅದರ ರಸೀದಿ. ಮಗುವಿಗೆ 18 ತುಂಬುವುದರೊಳಗೆ ಅರ್ಜಿ ಹೋಗಬೇಕು ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಏಕೆಂದರೆ ಆ ಹುಟ್ಟುಹಬ್ಬದ ದಿನದಿಂದಲೇ ಕಾನೂನಿನ ಕಣ್ಣಿಗೆ ಅದು ಮಗುವಲ್ಲ.